ದಫ್ತರ, ಅಭಿಲೇಖಾಲಯ, ಶೇರ್ಡ್ ಫೋಲ್ಡರ್: ಗೋಕಾಕ ಸೀಮೆಯ ಕಚೇರಿ ದಾಖಲೆಗಳ ಇತಿಹಾಸ

ಹಲವರು ಒಂದೇ ದಾಖಲೆಯನ್ನು ನಂಬಿ ಕೆಲಸ ಮಾಡುವುದರಿಂದಲೇ ಕಚೇರಿ ಎಂಬ ವ್ಯವಸ್ಥೆ ನಡೆಯುತ್ತದೆ. ಒಬ್ಬ ಗುಮಾಸ್ತ ಬರೆದದ್ದನ್ನು ಇನ್ನೊಬ್ಬ ಓದಬೇಕಾಗುತ್ತದೆ, ಮತ್ತೊಬ್ಬ ಅದನ್ನು ತಿದ್ದಬೇಕಾದರೆ ಅವನಿಗೆ ಆ ಅಧಿಕಾರ ಇರಬೇಕಾಗುತ್ತದೆ, ತಿದ್ದಿದವರು ಯಾರು, ಯಾವಾಗ ಎಂಬುದು ದಶಕಗಳ ನಂತರವೂ ತಿಳಿಯುವಂತಿರಬೇಕಾಗುತ್ತದೆ. ಇಂದಿನ ಕಚೇರಿಗಳಲ್ಲಿ ಹತ್ತಾರು ಕಂಪ್ಯೂಟರುಗಳನ್ನು ಒಂದು ಜಾಲಕ್ಕೆ ಜೋಡಿಸಿ, ಒಂದು ಯಂತ್ರದಲ್ಲಿರುವ ಕಡತಗಳನ್ನು ಉಳಿದ ಯಂತ್ರಗಳಿಂದಲೂ ತೆರೆಯಲು ಅನುವಾಗುವಂತೆ ಮಾಡುವ ಶೇರ್ಡ್ ಫೋಲ್ಡರ್ ಎಂಬ ಏರ್ಪಾಟು ಹುಟ್ಟಿರುವುದು ಇದೇ ಅಗತ್ಯದಿಂದ. ತಂತ್ರ ಹೊಸದು, ಅಗತ್ಯ ಹಳೆಯದು. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಗೋಕಾಕದಿಂದ ಬೇರೆಯಾದ ಮೂಡಲಗಿ, ಈ ಮೂರು ತಾಲ್ಲೂಕುಗಳ ಭೂದಾಖಲೆಯ ಇತಿಹಾಸವನ್ನು ಎರಡು ಶತಮಾನಗಳ ಉದ್ದಕ್ಕೆ ನೋಡಿದರೆ, ದಾಖಲೆಯನ್ನು ಯಾರು ನೋಡಬಹುದು, ಯಾರು ಬರೆಯಬಹುದು, ಬರೆದದ್ದಕ್ಕೆ ಯಾರು ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಕಾಲವೂ ತನ್ನದೇ ಉತ್ತರ ಕೊಟ್ಟಿರುವುದು ಕಾಣುತ್ತದೆ.

ಮನೆಯೊಳಗಿನ ದಫ್ತರ

1818ರಲ್ಲಿ ಪೇಶ್ವೆಯರ ಆಡಳಿತ ಮುಗಿದು ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ, ಹಳ್ಳಿಯ ಭೂಮಿ ಮತ್ತು ಕಂದಾಯದ ಲೆಕ್ಕವೆಲ್ಲ ಕುಲಕರ್ಣಿಯ ಮನೆಯಲ್ಲಿರುತ್ತಿತ್ತು. ಊರಿನ ಆಡಳಿತ ಗೌಡನದು, ಬರವಣಿಗೆ ಕುಲಕರ್ಣಿಯದು. ಹಲವು ಹಳ್ಳಿಗಳು ಸೇರಿದ ಪರಗಣೆಯ ಮಟ್ಟದಲ್ಲಿ ಅದೇ ಕೆಲಸವನ್ನು ದೇಸಾಯಿ ಮತ್ತು ದೇಶಪಾಂಡೆ ಮಾಡುತ್ತಿದ್ದರು. ಈ ಹುದ್ದೆಗಳೆಲ್ಲ ವತನಗಳಾಗಿದ್ದವು, ಅಂದರೆ ಸೇವೆಗೆ ಪ್ರತಿಯಾಗಿ ಭೂಮಿಯನ್ನೋ ಆಯವನ್ನೋ ಪಡೆದು ತಲೆಮಾರಿನಿಂದ ತಲೆಮಾರಿಗೆ ಸಾಗುವ ಹಕ್ಕುಗಳಾಗಿದ್ದವು. ಲೆಕ್ಕದ ಕಾಗದಗಳನ್ನು ಬಟ್ಟೆಯ ರುಮಾಲಿನಲ್ಲಿ ಕಟ್ಟಿ ಇಡುತ್ತಿದ್ದರು. ಅಂಥ ಗಂಟುಗಳ ಒಟ್ಟು ಸಂಗ್ರಹವೇ ದಫ್ತರ. ಬರವಣಿಗೆಯ ಬಹುಭಾಗ ಮೋಡಿ ಲಿಪಿಯಲ್ಲಿತ್ತು. ಕೈ ಎತ್ತದೆ ಅಕ್ಷರಗಳನ್ನು ಕೂಡಿಸಿ ವೇಗವಾಗಿ ಬರೆಯುವ ಈ ಮರಾಠಿ ಲಿಪಿಯನ್ನು ಓದಬಲ್ಲವರು ಆ ಕಾಲದಲ್ಲಿಯೂ ಕೆಲವೇ ಮನೆತನಗಳವರಾಗಿದ್ದರು, ಈಗಂತೂ ಬೆರಳೆಣಿಕೆಯಷ್ಟು ಜನ.

ಹೀಗೆ ದಾಖಲೆ ಊರಿಗೆಲ್ಲ ಸೇರಿದ್ದಾದರೂ ಅದರ ಕೀಲಿ ಒಂದು ಮನೆತನದ ಕೈಯಲ್ಲಿತ್ತು. ನೋಡುವವನೂ ಬರೆಯುವವನೂ ಕಾಯುವವನೂ ಒಬ್ಬನೇ ಆದ್ದರಿಂದ ರೈತನಿಗೆ ತನ್ನ ಹೊಲದ ಲೆಕ್ಕ ತಿಳಿಯಬೇಕಾದರೆ ಕುಲಕರ್ಣಿಯ ಮಾತೇ ಗತಿಯಾಗಿತ್ತು. ಸರ್ಕಾರಕ್ಕೂ ಹೆಚ್ಚಿನ ದಾರಿ ಇರಲಿಲ್ಲ. 1836ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಬೆಳಗಾವಿಯನ್ನು ಪ್ರತ್ಯೇಕ ಜಿಲ್ಲೆ ಮಾಡಿದ ಮೇಲೆ, ಇಲ್ಲಿ ಕಂದಾಯ ವಿನಾಯಿತಿ ಪಡೆದ ಇನಾಮು ಭೂಮಿಗಳು ಎಷ್ಟು, ಅವುಗಳಲ್ಲಿ ಆಧಾರ ಇರುವವು ಯಾವುವು ಎಂಬ ಪ್ರಶ್ನೆ ಅಧಿಕಾರಿಗಳನ್ನು ಕಾಡತೊಡಗಿತು. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಆರಂಭವಾದ ತನಿಖೆ 1852ರ ಹನ್ನೊಂದನೆಯ ಕಾಯ್ದೆಯಿಂದ ಇನಾಂ ಕಮಿಷನ್ ಎಂಬ ಬಲವಾದ ಸಂಸ್ಥೆಯಾಯಿತು. ಕಮಿಷನ್ನಿನ ಸಿಬ್ಬಂದಿ ವತನದಾರರ ಮನೆಗಳಲ್ಲಿದ್ದ ದಫ್ತರಗಳನ್ನು ವಶಕ್ಕೆ ತೆಗೆದುಕೊಂಡು, ಕಾಗದಗಳನ್ನು ಪರಿಶೀಲಿಸಿ ಪಟ್ಟಿ ಮಾಡಿದರು. ಈ ಕ್ರಮದಿಂದ ಹಲವು ಮನೆತನಗಳು ಇನಾಮು ಕಳೆದುಕೊಂಡವು; 1857-58ರ ಹೊತ್ತಿಗೆ ನರಗುಂದ ಮೊದಲಾದ ಕಡೆ ಎದ್ದ ಅಸಮಾಧಾನಕ್ಕೆ ಇನಾಮು ಮತ್ತು ದತ್ತಕದ ಪ್ರಶ್ನೆಗಳೂ ಕಾರಣವಾಗಿದ್ದವು. ಆಡಳಿತದ ದೃಷ್ಟಿಯಿಂದ ನೋಡಿದರೆ, ಮನೆಯ ದಾಖಲೆ ಸರ್ಕಾರಿ ಕಚೇರಿಯ ದಾಖಲೆಯಾಗಿ ಬದಲಾಗತೊಡಗಿದ್ದು ಇಲ್ಲಿಂದ. ಆ ಬದಲಾವಣೆ ಒಪ್ಪಿಗೆಯಿಂದ ಆಗದೆ ಒತ್ತಾಯದಿಂದ ಆಯಿತೆಂಬುದನ್ನೂ ಮರೆಯುವಂತಿಲ್ಲ.

ಅಭಿಲೇಖಾಲಯ ಕಲಿಸಿದ ಶಿಸ್ತು

ಅದೇ 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಈ ಸೀಮೆಯ ಹೊಲಗಳ ಮೋಜಣಿ ಆರಂಭವಾಯಿತು. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಗಡಿಗೆ ಕಲ್ಲು ನೆಟ್ಟು, ಅಳತೆಯ ಕೈನಕ್ಷೆಯಾದ ಟಿಪ್ಪಣಿಯನ್ನೂ ಕ್ಷೇತ್ರ ಮತ್ತು ಆಕಾರವನ್ನು, ಅಂದರೆ ಕಂದಾಯದ ಮೊತ್ತವನ್ನು, ತೋರಿಸುವ ಆಕಾರಬಂದನ್ನೂ ಸಿದ್ಧಪಡಿಸಿ, ಮೂವತ್ತು ವರ್ಷಗಳವರೆಗೆ ಕಂದಾಯ ಬದಲಾಗದೆಂದು ನಿಗದಿ ಮಾಡುವುದು ಈ ಪದ್ಧತಿಯ ಸಾರ. 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳು ಒಂದು ರೂಪ ಪಡೆದವು. ಮುಂದೆ 1879ರ ಮುಂಬಯಿ ಭೂಕಂದಾಯ ಸಂಹಿತೆ ಮತ್ತು 1903ರ ಹಕ್ಕು ದಾಖಲೆ ಕಾಯ್ದೆಗಳು ಬಂದು, ಭೂಮಿಯ ಕಂದಾಯ ಯಾರು ಕೊಡುತ್ತಾರೆ ಎಂಬುದರ ಜೊತೆಗೆ ಭೂಮಿಯ ಹಕ್ಕು ಯಾರದು ಎಂಬುದನ್ನೂ ಸರ್ಕಾರಿ ಪುಸ್ತಕದಲ್ಲಿ ಬರೆಯುವ ಕ್ರಮ ಏರ್ಪಟ್ಟಿತು. ಇಂದಿಗೂ ಗೋಕಾಕ, ಹುಕ್ಕೇರಿಯ ರೈತರು ಪಹಣಿಯನ್ನು ಉತಾರವೆಂದೂ ಗ್ರಾಮ ಲೆಕ್ಕಿಗನನ್ನು ತಲಾಟಿಯೆಂದೂ ಕರೆಯುವುದು ಆ ಮುಂಬಯಿ ಆಡಳಿತದ ನೇರ ಬಳುವಳಿ.

ಹಕ್ಕು ದಾಖಲೆಯಲ್ಲಿ ಒಂದು ಹೆಸರು ಬದಲಾಗಬೇಕಾದರೆ ಕಾಗದ ಹಾದುಹೋಗಬೇಕಾದ ದಾರಿಯನ್ನು ಹತ್ತಿರದಿಂದ ನೋಡಿದರೆ ಆ ಕಾಲದ ಆಡಳಿತ ಬುದ್ಧಿ ಅರ್ಥವಾಗುತ್ತದೆ. ರೈತ ತೀರಿಕೊಂಡು ಮಕ್ಕಳ ಹೆಸರಿಗೆ ವಾರಸಾ ಮಾಡಬೇಕಾದಾಗಲೂ, ಅಣ್ಣತಮ್ಮಂದಿರ ನಡುವೆ ವಾಟಣಿ ಆದಾಗಲೂ, ಬಂದ ವರದಿಯನ್ನು ತಲಾಟಿ ಬದಲಾವಣೆಯ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆಯುತ್ತಿದ್ದ. ಅದರ ಪ್ರತಿಯನ್ನು ಚಾವಡಿಯಲ್ಲಿ ಪ್ರಕಟಿಸಿ, ಸಂಬಂಧಪಟ್ಟವರಿಗೆ ತಿಳಿವಳಿಕೆ ಕೊಟ್ಟು, ತಕರಾರು ಬಂದರೆ ಅದನ್ನು ಬೇರೆಯ ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಆಮೇಲೆ ಅವ್ವಲ ಕಾರಕೂನ, ಅಂದರೆ ತಾಲ್ಲೂಕಿನ ಮುಖ್ಯಾಧಿಕಾರಿಯಾದ ಮಾಮಲೇದಾರನ ಕಚೇರಿಯ ಹಿರಿಯ ಗುಮಾಸ್ತ, ಅಥವಾ ಅವನಿಗಿಂತ ಮೇಲಿನ ಅಧಿಕಾರಿ ಪರಿಶೀಲಿಸಿ ಪ್ರಮಾಣೀಕರಿಸಿದ ನಂತರವೇ ಆ ಬದಲಾವಣೆ ಊರ್ಜಿತವಾಗುತ್ತಿತ್ತು. ಬರೆಯುವವನು ಬೇರೆ, ಒಪ್ಪುವವನು ಬೇರೆ, ನೋಡುವ ಹಕ್ಕು ಊರಿಗೆಲ್ಲ ಉಂಟು ಎಂಬ ಈ ಮೂರು ಮೆಟ್ಟಿಲುಗಳು ಕುಲಕರ್ಣಿಯ ಮನೆಯ ದಫ್ತರದಲ್ಲಿ ಇರಲಿಲ್ಲ.

ಹಳ್ಳಿಯ ದಾಖಲೆ ಹಳತಾದಂತೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ, ಅಂದರೆ ಅಭಿಲೇಖಾಲಯಕ್ಕೆ, ಸೇರುತ್ತಿತ್ತು. ಅಲ್ಲಿ ಹಳ್ಳಿವಾರು ಕಪಾಟುಗಳು, ಕಪಾಟಿನಲ್ಲಿ ರುಮಾಲು ಸುತ್ತಿದ ಗಂಟುಗಳು, ಗಂಟಿನೊಳಗೆ ಏನೇನಿದೆ ಎಂಬ ಪಟ್ಟಿ. ಶಾಶ್ವತವಾಗಿ ಇಡಬೇಕಾದ ಕಡತ, ಮೂವತ್ತು ವರ್ಷ ಇಡಬೇಕಾದದ್ದು, ಒಂದೇ ವರ್ಷದಲ್ಲಿ ನಾಶ ಮಾಡಬಹುದಾದದ್ದು ಎಂದು ಎಲ್ಲವನ್ನೂ ವರ್ಗ ಮಾಡಿ, ಅವಧಿ ಮುಗಿದ ಕಾಗದವನ್ನು ಪಟ್ಟಿ ಬರೆದ ಮೇಲೆಯೇ ತೆಗೆದುಹಾಕುವ ನಿಯಮವಿತ್ತು. ಯಾವ ಗುಮಾಸ್ತನಿಗಾದರೂ ಕಡತ ಬೇಕಾದರೆ ಅವನು ಬೇಡಿಕೆ ಚೀಟಿ ಬರೆದುಕೊಡಬೇಕು. ಕಡತ ಹೊರಗೆ ಹೋದ ಜಾಗದಲ್ಲಿ ಆ ಚೀಟಿ ಕೂರಬೇಕು. ಕಡತ ಮರಳಿ ಬಂದಾಗ ಪುಸ್ತಕದಲ್ಲಿ ಆ ನಮೂದು ಮುಗಿಯಬೇಕು. ಹೀಗಾಗಿ ಕಡತ ತಾತ್ಕಾಲಿಕವಾಗಿ ಕಾಣೆಯಾಗಿದ್ದರೂ ಅದು ಯಾರ ಮೇಜಿನ ಮೇಲಿದೆ ಎಂಬುದು ಕಾಣೆಯಾಗುತ್ತಿರಲಿಲ್ಲ. ಎಲ್ಲ ಕಚೇರಿಗಳೂ ಎಲ್ಲ ಕಾಲದಲ್ಲೂ ಈ ನಿಯಮವನ್ನು ಪಾಲಿಸಿದವೆಂದಲ್ಲ. ಪಾಲಿಸದಿದ್ದರೆ ಅದು ತಪ್ಪೆಂದು ಎಲ್ಲರಿಗೂ ಗೊತ್ತಿತ್ತೆಂಬುದು ಮುಖ್ಯ.

ಆಡಳಿತದ ಗಡಿ ಬದಲಾದಾಗಲೆಲ್ಲ ಅಭಿಲೇಖಾಲಯವನ್ನೂ ಪಾಲು ಮಾಡಬೇಕಾಗುತ್ತದೆ. 1884ರಲ್ಲಿ ಪ್ರಕಟವಾದ ಬೆಳಗಾವಿ ಜಿಲ್ಲೆಯ ಗ್ಯಾಜೆಟಿಯರು ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಗೋಕಾಕವನ್ನು ಎಣಿಸುತ್ತದೆ. ಹುಕ್ಕೇರಿ ಆಗ ಚಿಕ್ಕೋಡಿ ತಾಲ್ಲೂಕಿನ ಒಳಗಿತ್ತು. ಹುಕ್ಕೇರಿ ಮುಂದೆ ತನ್ನದೇ ತಾಲ್ಲೂಕಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಚಂದಗಡ ತಾಲ್ಲೂಕು ಮಾತ್ರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಗಡಿಯ ಜೊತೆಗೆ ದಾಖಲೆ ಬರೆಯುವವರೂ ಬದಲಾದರು: 1950ರ ಮುಂಬಯಿ ಕಾಯ್ದೆ ಕುಲಕರ್ಣಿ ವತನವನ್ನೂ, 1961ರ ಕರ್ನಾಟಕ ಗ್ರಾಮಾಧಿಕಾರ ನಿರ್ಮೂಲನ ಕಾಯ್ದೆ ಉಳಿದ ವಂಶಪಾರಂಪರ್ಯದ ಹುದ್ದೆಗಳನ್ನೂ ಕೊನೆಗೊಳಿಸಿದವು. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಗಳು ಬಂದು, ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ನಮೂನೆ 16, ಅಂದರೆ ಇಂದಿನ ಆರ್‌ಟಿಸಿ, ಇಡೀ ರಾಜ್ಯಕ್ಕೆ ಸಮಾನವಾಯಿತು.

ಕಂದಾಯ ಇಲಾಖೆಯ ಹೊರಗೂ ಹಂಚಿಕೊಂಡ ಲೆಕ್ಕದ ಅಗತ್ಯ ಬೆಳೆಯುತ್ತಿತ್ತು. 1880ರ ದಶಕದಲ್ಲಿ ಗೋಕಾಕ ಫಾಲ್ಸಿನ ಬಳಿ ಆರಂಭವಾದ ನೂಲಿನ ಗಿರಣಿಯ ಹಾಜರಿ ಪುಸ್ತಕ, ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಕಬ್ಬಿನ ತೂಕದ ಚೀಟಿ, 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಗ್ರಾಹಕರ ಲೆಜರು, ಇವೆಲ್ಲ ಹಲವು ಮೇಜುಗಳು ಒಂದೇ ಪುಸ್ತಕವನ್ನು ಕಾಯುವ ಸ್ಥಳಗಳಾಗಿದ್ದವು. ಗ್ರಾಮೀಣ ವಿದ್ಯುದೀಕರಣ ನಿಗಮದ ಬೆಂಬಲದಿಂದ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭವಾದ ಮೊದಲ ಐದು ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಮೀಟರು ಓದುವವನು, ಬಿಲ್ಲು ಬರೆಯುವವನು, ಹಣ ಕಟ್ಟಿಸಿಕೊಳ್ಳುವವನು ಬೇರೆಬೇರೆಯಾಗಿದ್ದು ಮೂವರ ಲೆಕ್ಕವೂ ತಾಳೆಯಾಗಬೇಕಾದ ಇಂಥ ಸಂಸ್ಥೆಗಳಲ್ಲಿ ಕಂಪ್ಯೂಟರು ಏಕೆ ಬೇಗ ಬೇಕೆನಿಸಿತೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಯಂತ್ರಗಳು ಒಂದನ್ನೊಂದು ಕಂಡದ್ದು

ಮೇಜಿನ ಮೇಲಿನ ಕಂಪ್ಯೂಟರು ಆರಂಭದಲ್ಲಿ ಒಂಟಿ ಯಂತ್ರವಾಗಿತ್ತು. ಒಂದರಲ್ಲಿ ಸಿದ್ಧವಾದ ಕಡತ ಇನ್ನೊಂದಕ್ಕೆ ಹೋಗಬೇಕಾದರೆ ಫ್ಲಾಪಿಯಲ್ಲಿ ಹೊತ್ತೊಯ್ಯಬೇಕಾಗುತ್ತಿತ್ತು; ಆಗ ಒಂದೇ ಪಟ್ಟಿಯ ಎರಡು ಪ್ರತಿಗಳು ಎರಡು ಕಡೆ ಬೇರೆಬೇರೆಯಾಗಿ ಬೆಳೆದು, ಯಾವುದು ಸರಿಯೆಂದು ಹೇಳಲಾಗದ ಸ್ಥಿತಿ ಬರುತ್ತಿತ್ತು. ಈ ತೊಂದರೆಗೆ ಜಗತ್ತಿನ ಬೇರೆಬೇರೆ ಕಡೆ 1980ರ ದಶಕದಲ್ಲಿ ಪರಿಹಾರಗಳು ಹುಟ್ಟಿದವು. 1983ರಲ್ಲಿ ನೋವೆಲ್ ಕಂಪನಿ ನೆಟ್‌ವೇರ್ ಎಂಬ ತಂತ್ರಾಂಶವನ್ನು ತಂದಿತು. ಸನ್ ಕಂಪನಿ 1984ರಲ್ಲಿ ಯುನಿಕ್ಸ್ ಯಂತ್ರಗಳಿಗೆ ಎನ್‌ಎಫ್‌ಎಸ್ ಎಂಬ ಜಾಲ ಕಡತ ವ್ಯವಸ್ಥೆಯನ್ನು ಕೊಟ್ಟಿತು. ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಎಸ್‌ಎಂಬಿ ಎಂಬ ಸಂವಹನ ನಿಯಮವನ್ನು ಮೈಕ್ರೋಸಾಫ್ಟ್ ಬೆಳೆಸಿತು. ಒಂದು ಯಂತ್ರ ಇನ್ನೊಂದನ್ನು ಈ ಕಡತ ತೆರೆದು ಕೊಡು, ಇದನ್ನು ಉಳಿಸು, ಇದು ಬೇರೆಯವರ ಕೈಯಲ್ಲಿದೆಯೇ ಹೇಳು ಎಂದು ಕೇಳುವ ಗೊತ್ತಾದ ಭಾಷೆಯನ್ನೇ ಸಂವಹನ ನಿಯಮ ಎನ್ನುತ್ತಾರೆ. 1992ರಲ್ಲಿ ಬಂದ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್, ಪ್ರತ್ಯೇಕ ಸರ್ವರ್ ಇಲ್ಲದೆಯೇ ಸಾಧಾರಣ ಮೇಜಿನ ಯಂತ್ರಗಳು ಪರಸ್ಪರ ಫೋಲ್ಡರುಗಳನ್ನು ಹಂಚಿಕೊಳ್ಳುವ ಸೌಲಭ್ಯ ಕೊಟ್ಟಿತು. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಬರೆದ ಸಾಂಬಾ ತಂತ್ರಾಂಶ ಯುನಿಕ್ಸ್, ಮುಂದೆ ಲಿನಕ್ಸ್, ಯಂತ್ರಗಳಿಗೂ ಅದೇ ಭಾಷೆ ಕಲಿಸಿ, ಬೆಲೆ ಕೊಡದೆ ಕಡತ ಸರ್ವರ್ ಕಟ್ಟಿಕೊಳ್ಳುವ ದಾರಿ ತೆರೆಯಿತು.

ಭಾರತದಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, 1980ರ ದಶಕದ ಕೊನೆಯ ಹೊತ್ತಿಗೆ ನಿಕ್‌ನೆಟ್ ಎಂಬ ಉಪಗ್ರಹ ಜಾಲದ ಮೂಲಕ ಜಿಲ್ಲಾ ಕೇಂದ್ರಗಳನ್ನು ತಲುಪಿತು. ಆದರೆ ತಾಲ್ಲೂಕು ಕಚೇರಿಗೆ ನಿಜವಾದ ಅರ್ಥದಲ್ಲಿ ಸರ್ವರನ್ನೂ ಸ್ಥಳೀಯ ಜಾಲವನ್ನೂ ತಂದದ್ದು ಭೂಮಿ ಯೋಜನೆ.

ಭೂಮಿ ಯೋಜನೆಯ ಆಯ್ಕೆ

ಭೂದಾಖಲೆಯನ್ನು ಗಣಕೀಕರಿಸುವ ಕೇಂದ್ರ ಸರ್ಕಾರದ ಪ್ರಯೋಗ 1988-89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಆರಂಭವಾಗಿ, ಆಮೇಲೆ ಕರ್ನಾಟಕದ ಕಲಬುರಗಿ ಜಿಲ್ಲೆಗೂ ಬಂದಿತು. ಅಂದಿನ ಪ್ರಯೋಗ ಫಲ ಕೊಡಲಿಲ್ಲ, ಏಕೆಂದರೆ ಕಂಪ್ಯೂಟರಿಗೆ ಒಮ್ಮೆ ಸೇರಿಸಿದ ಮಾಹಿತಿಯನ್ನು ದಿನದಿನದ ಬದಲಾವಣೆಗೆ ತಕ್ಕಂತೆ ತಿದ್ದುವ ಏರ್ಪಾಟು ಇರದೆ, ತಲಾಟಿಯ ಕೈಬರಹದ ಪುಸ್ತಕವೇ ನಿಜವಾದ ದಾಖಲೆಯಾಗಿ ಉಳಿದಿತ್ತು. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಮತ್ತು ಎನ್‌ಐಸಿಯ ತಂತ್ರಜ್ಞರು 1999ರಲ್ಲಿ ಮದ್ದೂರಿನಲ್ಲಿ ಆರಂಭಿಸಿದ ಭೂಮಿ ಯೋಜನೆ ಈ ಪಾಠವನ್ನು ಕಲಿತಿತ್ತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಸೇರಿಸಿ, 2002ರ ಹೊತ್ತಿಗೆ ಅದು ಗೋಕಾಕ, ಹುಕ್ಕೇರಿಗಳೂ ಸೇರಿದಂತೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನು ಮುಟ್ಟಿತು. ಕೈಬರಹದ ಪಹಣಿಯನ್ನು ತಾಲ್ಲೂಕುವಾರು ಅಧಿಸೂಚನೆ ಹೊರಡಿಸಿ ರದ್ದುಪಡಿಸಲಾಯಿತು. 15 ರೂಪಾಯಿ ಕೊಟ್ಟವರಿಗೆ ಗಣಕದಲ್ಲಿ ಮುದ್ರಿಸಿದ ಉತಾರ ಸಿಗತೊಡಗಿತು.

ಗಣಕಕ್ಕೆ ಮಾಹಿತಿ ಸೇರಿಸಿದ ಮೇಲೆ ಅದನ್ನು ಕಾಗದದ ಮೇಲೆ ಮುದ್ರಿಸಿ, ತಲಾಟಿಗಳು ಮೂಲ ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡಿ, ತಪ್ಪು ಗುರುತಿಸಿ, ಸಹಿ ಮಾಡಿ ಹಿಂದಿರುಗಿಸುತ್ತಿದ್ದರು. ಬಳಿಕ ನಡೆಯುವ ಪ್ರತಿಯೊಂದು ಹಕ್ಕು ಬದಲಾವಣೆಗೂ ಅರ್ಜಿ ಬಂದ ಕ್ರಮದಲ್ಲಿಯೇ ಸರದಿ ಸಿಗುವಂತೆ ತಂತ್ರಾಂಶ ರೂಪುಗೊಂಡಿತ್ತು; ಸರದಿ ಮುರಿಯಬೇಕಾದರೆ ಕಾರಣ ಬರೆಯಬೇಕಾಗಿತ್ತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಗಿತ್ತು, ಅಂದರೆ ಯಾವ ತಿದ್ದುಪಡಿಯನ್ನೂ ಅದು ನಾನು ಮಾಡಿದ್ದಲ್ಲ ಎಂದು ಮುಂದೆ ಯಾರೂ ನಿರಾಕರಿಸುವಂತಿರಲಿಲ್ಲ. ಕೌಂಟರಿನಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆ ಇದ್ದು, ಮುದ್ರಣಕ್ಕೆ ಮುಂಚೆ ತನ್ನ ದಾಖಲೆಯನ್ನು ಅವನೇ ಓದಿ ನೋಡಬಹುದಿತ್ತು. ಬರೆಯುವವನು, ಒಪ್ಪುವವನು, ನೋಡುವವನು ಎಂಬ ಮುಂಬಯಿ ಕಾಲದ ಮೂರು ಮೆಟ್ಟಿಲುಗಳು ಇಲ್ಲಿ ಹೊಸ ಬಲ ಪಡೆದು ಮರಳಿದವು.

ಭೂಮಿಯ ದಾಖಲೆ ಇದ್ದದ್ದು ಡೇಟಾಬೇಸಿನಲ್ಲಿ, ಫೋಲ್ಡರಿನಲ್ಲಿ ಅಲ್ಲ ಎಂಬುದು ಇಲ್ಲಿ ಬಹಳ ಮುಖ್ಯ. ಡೇಟಾಬೇಸ್ ಎಂದರೆ ಪ್ರತಿಯೊಂದು ಸರ್ವೆ ನಂಬರಿನ ಮಾಹಿತಿಯನ್ನೂ ಬೇರೆಬೇರೆ ನಮೂದಾಗಿ ಇಟ್ಟು, ಒಂದು ನಮೂದನ್ನು ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರನ್ನು ತಡೆದು, ಪ್ರತಿ ತಿದ್ದುಪಡಿಯ ಹಿಂದಿನ ಹೆಸರನ್ನೂ ಹೊತ್ತನ್ನೂ ಉಳಿಸುವ ವ್ಯವಸ್ಥೆ. ಶೇರ್ಡ್ ಫೋಲ್ಡರಿನಲ್ಲಿ ಹಂಚಿಕೆಯಾಗುವುದು ಇಡೀ ಕಡತ; ಅದನ್ನು ತೆರೆದವರು ಒಳಗೆ ಏನು ಬದಲಿಸಿದರೆಂಬುದನ್ನು ಫೋಲ್ಡರು ತಾನಾಗಿ ನೆನಪಿಡುವುದಿಲ್ಲ. ಹಕ್ಕಿನ ದಾಖಲೆಗೆ ಡೇಟಾಬೇಸನ್ನು ಆರಿಸಿದ್ದು ಭೂಮಿ ಯೋಜನೆಯ ಗಟ್ಟಿ ನಿರ್ಧಾರಗಳಲ್ಲೊಂದು.

ಉಳಿದ ಕಾಗದಗಳು ಸೇರಿದ ಜಾಗ

ತಾಲ್ಲೂಕು ಕಚೇರಿಯ ಕೆಲಸವೆಲ್ಲ ಉತಾರದಲ್ಲಿ ಮುಗಿಯುವುದಿಲ್ಲ. ಪಿಂಚಣಿಯ ಪಟ್ಟಿ, ಚುನಾವಣೆಯ ಸಿಬ್ಬಂದಿ ಆದೇಶ, ನ್ಯಾಯಾಲಯದ ಪ್ರಕರಣಗಳ ವಿವರ, ನೆರೆ ಪರಿಹಾರದ ಯಾದಿ, ಸಭೆಯ ನಡವಳಿ, ಮೇಲಧಿಕಾರಿಗೆ ಬರೆಯುವ ಪತ್ರ, ಇವುಗಳಿಗೆ ಪ್ರತ್ಯೇಕ ತಂತ್ರಾಂಶ ಬರುವವರೆಗೆ, ಬಂದ ಮೇಲೂ ಬಹುಪಾಲು, ವರ್ಡ್ ಮತ್ತು ಎಕ್ಸೆಲ್ ಕಡತಗಳೇ ಆಧಾರ. ಜಾಲ ಇದ್ದ ಕಚೇರಿಗಳಲ್ಲಿ ಇಂಥ ಕಡತಗಳಿಗೆ ಸಹಜವಾಗಿ ಒದಗಿದ ಆಸರೆಯೇ ಶೇರ್ಡ್ ಫೋಲ್ಡರ್.

ಅದನ್ನು ಸಿದ್ಧಪಡಿಸುವ ಕ್ರಮ ಸರಳವಾದದ್ದು. ಎಲ್ಲ ಯಂತ್ರಗಳನ್ನು ಕೇಬಲ್ಲಿನಿಂದ ಸ್ವಿಚ್ ಎಂಬ ಜೋಡಣೆ ಪೆಟ್ಟಿಗೆಗೆ ಸೇರಿಸಿ, ಸದಾ ಚಾಲೂ ಇರುವ ಒಂದು ಯಂತ್ರದಲ್ಲಿ ಫೋಲ್ಡರ್ ತೆರೆದು, ಅದರ ಪ್ರಾಪರ್ಟೀಸ್‌ಗೆ ಹೋಗಿ ಶೇರಿಂಗ್ ಎಂಬಲ್ಲಿ ಹಂಚಿಕೆಯ ಹೆಸರು ಕೊಡಬೇಕು. ಉಳಿದ ಯಂತ್ರಗಳಲ್ಲಿ ಆ ಯಂತ್ರದ ಹೆಸರನ್ನೂ ಫೋಲ್ಡರಿನ ಹೆಸರನ್ನೂ ಬರೆದರೆ ಅದು ತೆರೆದುಕೊಳ್ಳುತ್ತದೆ. ದಿನವೂ ಬರೆಯುವ ಶ್ರಮ ತಪ್ಪಿಸಲು ಅದನ್ನು ಝಡ್ ಅಥವಾ ಇನ್ನಾವುದೋ ಅಕ್ಷರದ ಡ್ರೈವ್ ಆಗಿ ಸ್ಥಿರಪಡಿಸಿಕೊಳ್ಳಬಹುದು. ಅನುಮತಿಗಳಲ್ಲಿ ಎರಡು ಪದರಗಳಿವೆ. ಜಾಲದ ಬಾಗಿಲಿನಲ್ಲಿ ಇರುವ ಹಂಚಿಕೆಯ ಅನುಮತಿ ಒಂದು, ಡಿಸ್ಕಿನ ಮೇಲೆ ಆ ಕಡತಕ್ಕೇ ಅಂಟಿಕೊಂಡಿರುವ ಭದ್ರತಾ ಅನುಮತಿ ಇನ್ನೊಂದು. ಜಾಲದಿಂದ ಬರುವವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದು ಅನ್ವಯಿಸುತ್ತದೆ. ಇಬ್ಬರು ಒಂದೇ ಎಕ್ಸೆಲ್ ಹಾಳೆಯನ್ನು ತೆರೆದರೆ ಮೊದಲು ತೆರೆದವರಿಗೆ ತಿದ್ದುವ ಅವಕಾಶ ಸಿಕ್ಕಿ, ಎರಡನೆಯವರಿಗೆ ಕಡತ ಬಳಕೆಯಲ್ಲಿದೆ, ಓದಲು ಮಾತ್ರ ತೆರೆಯಬಹುದು ಎಂಬ ಸೂಚನೆ ಬರುತ್ತದೆ. ರೆಕಾರ್ಡ್ ರೂಮಿನಲ್ಲಿ ಕಡತದ ಜಾಗದಲ್ಲಿ ಕೂರುತ್ತಿದ್ದ ಬೇಡಿಕೆ ಚೀಟಿಯ ಕೆಲಸವನ್ನು ಈ ಸೂಚನೆ ಸ್ವಲ್ಪಮಟ್ಟಿಗೆ ಮಾಡುತ್ತದೆ. ಆದರೆ ಕಡತ ಮುಚ್ಚಿದ ಮರುಕ್ಷಣ ಆ ಸೂಚನೆ ಅಳಿಯುತ್ತದೆ. ಚೀಟಿ ಮತ್ತು ಪುಸ್ತಕದ ನಮೂದು ವರ್ಷಗಟ್ಟಲೆ ಉಳಿಯುತ್ತಿದ್ದವು.

ಕಷ್ಟ ಹುಟ್ಟುವುದು ಈ ಸರಳತೆಯಿಂದಲೇ. ಅನುಮತಿಯ ಪಟ್ಟಿಯಲ್ಲಿ ಎವ್ರಿಒನ್ ಎಂಬ ಹೆಸರಿಗೆ ಪೂರ್ಣ ಅಧಿಕಾರ ಕೊಟ್ಟರೆ ಎಲ್ಲ ದೂರುಗಳೂ ಒಮ್ಮೆಲೇ ನಿಂತುಹೋಗುವುದರಿಂದ, ಅವಸರದಲ್ಲಿ ಜಾಲ ಜೋಡಿಸಿದ ಕಚೇರಿಗಳು ದೇಶದೆಲ್ಲೆಡೆ ಆ ದಾರಿಯನ್ನೇ ಹಿಡಿದವು. ಆಗ ಓದಬೇಕಾದವನೂ ಅಳಿಸಬಲ್ಲವನಾಗುತ್ತಾನೆ, ಬರೆದವನಾರೆಂಬುದು ಯಾರಿಗೂ ತಿಳಿಯುವುದಿಲ್ಲ. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿದ್ದ ದೋಷವನ್ನು ಬಳಸಿಕೊಂಡು, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ಕಡತ ಹಂಚಿಕೊಳ್ಳಲೆಂದು ತೆರೆದ ದಾರಿಯೇ ಅದು ಯಂತ್ರದಿಂದ ಯಂತ್ರಕ್ಕೆ ಹಬ್ಬುವ ದಾರಿಯಾಗಿತ್ತು.

ಕನ್ನಡ ಕಚೇರಿಗಳಿಗೆ ಇನ್ನೊಂದು ತೊಡಕೂ ಇತ್ತು. 1990ರ ದಶಕದಲ್ಲಿ ಪ್ರತಿಯೊಂದು ಕನ್ನಡ ತಂತ್ರಾಂಶವೂ ತನ್ನದೇ ಸಂಕೇತಗಳಲ್ಲಿ ಅಕ್ಷರಗಳನ್ನು ಉಳಿಸುತ್ತಿದ್ದುದರಿಂದ, ಒಂದು ಯಂತ್ರದಲ್ಲಿ ಬರೆದ ಪತ್ರ ಆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಫೋಲ್ಡರ್ ಹಂಚಿಕೊಂಡರೂ ಬರಹ ಹಂಚಿಕೆಯಾಗುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವೂ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಸರ್ಕಾರದ ಮನ್ನಣೆ ಪಡೆದು ರಾಜ್ಯದ ಕಚೇರಿಗಳಿಗೆ ಒಂದು ಸಮಾನ ನೆಲೆ ಒದಗಿಸಿದವು. ಆದರೂ ಹಳೆಯ ನುಡಿ ಫಾಂಟಿನ ಬರಹ ಯಂತ್ರದ ಮಟ್ಟಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿಯೇ ಇದ್ದುದರಿಂದ ಕಡತಕ್ಕೆ ಕನ್ನಡದಲ್ಲಿ ಹೆಸರಿಡುವುದೂ ಕಡತದೊಳಗೆ ಕನ್ನಡ ಪದ ಹುಡುಕುವುದೂ ಸುಲಭವಾಗಿ ಕೈಗೂಡಲಿಲ್ಲ. 1991ರಲ್ಲಿಯೇ ಕನ್ನಡವನ್ನು ಒಳಗೊಂಡಿದ್ದ ಯುನಿಕೋಡ್ ಕಚೇರಿಗಳ ದಿನಬಳಕೆಗೆ ಇಳಿದದ್ದು ಎರಡು ದಶಕಗಳ ನಂತರ. ಅದಕ್ಕೂ ಮುಂಚಿನ ಕಡತಗಳು ಇಂದಿಗೂ ಅನೇಕ ಫೋಲ್ಡರುಗಳಲ್ಲಿ ಉಳಿದಿದ್ದು, ಓದಬಲ್ಲ ಫಾಂಟ್ ಮರೆಯಾದಂತೆ ಮೋಡಿ ಕಾಗದಗಳ ಗತಿಯನ್ನೇ ಕಾಣುವ ಅಪಾಯದಲ್ಲಿವೆ.

ಮೂಡಲಗಿಯ ಪಾಲು

2017-18ರ ಅವಧಿಯಲ್ಲಿ ರಾಜ್ಯದಲ್ಲಿ ರಚನೆಯಾದ ಹೊಸ ತಾಲ್ಲೂಕುಗಳಲ್ಲಿ ಮೂಡಲಗಿಯೂ ಸೇರಿತು. ಅಲ್ಲಿಯವರೆಗೆ ಗೋಕಾಕದ ಭಾಗವಾಗಿದ್ದ ಹಳ್ಳಿಗಳಿಗೆ ಹೊಸ ತಹಶೀಲ್ದಾರ್ ಕಚೇರಿ ದೊರೆತಾಗ, ಚಿಕ್ಕೋಡಿಯಿಂದ ಹುಕ್ಕೇರಿ ಬೇರೆಯಾದಾಗ ಎದುರಾಗಿದ್ದ ಕೆಲಸವೇ ಮತ್ತೆ ಎದುರಾಯಿತು, ಆದರೆ ಈ ಬಾರಿ ಪಾಲು ಮಾಡಬೇಕಾದ ದಾಖಲೆ ಮೂರು ಬಗೆಯದಾಗಿತ್ತು. ಡೇಟಾಬೇಸಿನಲ್ಲಿದ್ದ ಉತಾರಗಳು ಹಳ್ಳಿಯ ಸಂಕೇತಕ್ಕೆ ಕಟ್ಟುಬಿದ್ದಿರುವುದರಿಂದ, ಆ ಸಂಕೇತವನ್ನು ಹೊಸ ತಾಲ್ಲೂಕಿನಡಿ ಸೇರಿಸಿದರೆ ಉತಾರಗಳೂ ಅದರೊಂದಿಗೆ ಸಾಗುತ್ತವೆ. ಅಭಿಲೇಖಾಲಯದ ಕಾಗದ ಹಳ್ಳಿವಾರು ಗಂಟುಗಳಲ್ಲಿ ಇರುವಷ್ಟರಮಟ್ಟಿಗೆ ಪಾಲಾಗಬಲ್ಲದು, ಆದರೆ ಹಲವು ಹಳ್ಳಿಗಳಿಗೆ ಒಟ್ಟಾಗಿ ಬರೆದ ಪುಸ್ತಕವನ್ನು ಹರಿಯಲಾಗದು; ಅಂಥದ್ದಕ್ಕೆ ಮೂಲ ಒಂದು ಕಡೆ, ದೃಢೀಕೃತ ನಕಲು ಇನ್ನೊಂದು ಕಡೆ ಎಂಬುದೇ ದಾರಿ. ಮೂರನೆಯದಾದ ಶೇರ್ಡ್ ಫೋಲ್ಡರಿನ ಕಡತಗಳು, ನಕಲು ಮಾಡಲು ಎಲ್ಲಕ್ಕಿಂತ ಸುಲಭವಾಗಿ ಕಂಡರೂ, ನಿಜದಲ್ಲಿ ಎಲ್ಲಕ್ಕಿಂತ ಕಷ್ಟದವು. ಹಳ್ಳಿವಾರು, ವಿಷಯವಾರು, ವರ್ಷವಾರು ಹೆಸರಿಡದೆ ಗುಮಾಸ್ತರ ಹೆಸರಿನಲ್ಲಿ ಅಥವಾ ಹೊಸದು, ಹೊಸದು ಎರಡು, ಅಂತಿಮ ಎಂಬಂಥ ಹೆಸರುಗಳಲ್ಲಿ ಉಳಿಸಿದ ಕಡತಗಳಲ್ಲಿ ಯಾವುದು ಯಾವ ತಾಲ್ಲೂಕಿಗೆ ಸೇರಬೇಕು, ಯಾವುದು ಆಖೈರು ಪ್ರತಿ ಎಂದು ಗೊತ್ತುಮಾಡುವ ಆಧಾರವೇ ಇರುವುದಿಲ್ಲ. ಒಂದು ಫೋಲ್ಡರನ್ನು ಎಷ್ಟು ಚೆನ್ನಾಗಿ ಕಟ್ಟಲಾಗಿದೆ ಎಂಬುದಕ್ಕೆ ತಾಲ್ಲೂಕಿನ ವಿಭಜನೆಗಿಂತ ಕಠಿಣವಾದ ಪರೀಕ್ಷೆ ಸಿಗಲಾರದು.

2019ರ ಆಗಸ್ಟಿನಲ್ಲಿ ಘಟಪ್ರಭಾ ನದಿ ಉಕ್ಕಿ ಲೋಳಸೂರ ಸೇತುವೆ ಮುಳುಗಿ, ಗೋಕಾಕ ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಇನ್ನೊಂದು ಎಚ್ಚರಿಕೆಯಾಗಿತ್ತು. ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯಕ್ಕಾಗಿ ಭೂಮಿ ಬಿಟ್ಟುಕೊಟ್ಟ ಕುಟುಂಬಗಳಿಗೆ ಮುಳುಗಿದ ಹೊಲದ ಗುರುತಾಗಿ ಉಳಿದಿರುವುದು ಕಾಗದ ಒಂದೇ. ಇಂಥ ಸೀಮೆಯಲ್ಲಿ ದಾಖಲೆಯ ಒಂದೇ ಪ್ರತಿಯನ್ನು ಒಂದೇ ಕಟ್ಟಡದಲ್ಲಿ ಇಡುವುದು, ಅದು ರುಮಾಲಿನಲ್ಲಿರಲಿ, ಹಾರ್ಡ್ ಡಿಸ್ಕಿನಲ್ಲಿರಲಿ, ಸಮಾನವಾದ ಅಪಾಯ.

ಇತಿಹಾಸದ ತೀರ್ಪು

2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು, ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ದಾಖಲೆಗಳಿಗೆ ಪಟ್ಟಿಯನ್ನೂ ಸೂಚಿಯನ್ನೂ ಇಟ್ಟು, ಸಾಧ್ಯವಾದವುಗಳನ್ನು ಗಣಕೀಕರಿಸಿ ಜಾಲಕ್ಕೆ ಜೋಡಿಸಬೇಕೆಂದು ಹೇಳುತ್ತದೆ. ಪಟ್ಟಿ ಮತ್ತು ಸೂಚಿ ಮೊದಲು, ಜಾಲ ಆಮೇಲೆ ಎಂಬ ಆ ಕ್ರಮ ಅರ್ಥಪೂರ್ಣವಾದದ್ದು. ಕಡತದ ಪ್ರತಿಯೊಂದು ಚಲನೆಯನ್ನೂ ದಾಖಲಿಸುವ ಇ-ಆಫೀಸ್ ವ್ಯವಸ್ಥೆ ಈಚಿನ ವರ್ಷಗಳಲ್ಲಿ ರಾಜ್ಯದ ಕಚೇರಿಗಳಲ್ಲಿ ಹರಡುತ್ತಿದೆ. ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಮೂಲ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಯೋಜನೆಯನ್ನೂ ಕಂದಾಯ ಇಲಾಖೆ ಕೈಗೆತ್ತಿಕೊಂಡಿದೆ. ಇವು ಬಂದರೂ ಗ್ರಾಮ ಪಂಚಾಯ್ತಿ, ಶಾಲೆ, ಸಹಕಾರಿ ಸಂಘ, ಸಣ್ಣ ಬ್ಯಾಂಕುಗಳಲ್ಲಿ ಶೇರ್ಡ್ ಫೋಲ್ಡರ್ ಇನ್ನೂ ಬಹುಕಾಲ ಇರಲಿದೆ.

ಎರಡು ಶತಮಾನಗಳ ಈ ಇತಿಹಾಸ ಸಾರುವ ಸಂಗತಿ ಒಂದೇ: ದಾಖಲೆ ಒಬ್ಬನ ಮನೆಯಲ್ಲಿ ಕೂಡಿಬಿದ್ದಾಗ ಜನಕ್ಕೆ ಅನ್ಯಾಯವಾಯಿತು; ಹೊಣೆಗಾರರಿಲ್ಲದೆ ಎಲ್ಲರ ಕೈಗೂ ತೆರೆದುಕೊಂಡಾಗ ದಾಖಲೆಗೇ ಅನ್ಯಾಯವಾಗುತ್ತದೆ. ಓದುವವರು ಯಾರು, ತಿದ್ದುವವರು ಯಾರು ಎಂದು ಬರಹದಲ್ಲಿ ಗೊತ್ತುಮಾಡಿ ಅದಕ್ಕೆ ತಕ್ಕ ಅನುಮತಿ ಕೊಡುವುದು, ಕಡತಕ್ಕೆ ಊರು, ವಿಷಯ, ವರ್ಷ ತೋರುವ ಹೆಸರಿಡುವುದು, ಎಷ್ಟು ಕಾಲ ಇಡಬೇಕೆಂದು ವರ್ಗ ಮಾಡುವುದು, ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ತರುವುದು, ಇನ್ನೊಂದು ಪ್ರತಿಯನ್ನು ಬೇರೆಯ ಊರಿನಲ್ಲಿ ಇಡುವುದು, ಇವೆಲ್ಲ ಅಭಿಲೇಖಾಲಯದ ಕಾರಕೂನರಿಗೆ ಬೇರೆ ರೂಪದಲ್ಲಿ ತಿಳಿದಿದ್ದ ಕೆಲಸಗಳೇ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಚೇರಿಗಳಲ್ಲಿ ಇನ್ನು ಮುಂದೆ ಜಾಲ ಜೋಡಿಸುವವರು ತಂತ್ರಜ್ಞನನ್ನು ಕರೆಯುವ ಮೊದಲು ರೆಕಾರ್ಡ್ ರೂಮಿನ ಹಿರಿಯ ಕಾರಕೂನನನ್ನು ಕರೆದು ಕೇಳಲಿ; ಫೋಲ್ಡರಿನ ಹೆಸರು, ಅನುಮತಿ, ಅವಧಿ ಮೂರನ್ನೂ ಅವನೊಂದಿಗೆ ಕೂತು ನಿರ್ಧರಿಸಲಿ.